ಆಟದ ಅಂಕಣದ ಹೊರಗಿನವರು ತಂಡದ ನಾಯಕಿಗೆ ಮಾತನಾಡಲು ಬಿಡಲಿ

ಮಾನ್ಯ ಸಂಪಾದಕರೇ,

ಇತ್ತೀಚೆಗೆ ಮಂಗಳೂರಿನ ಮೈದಾನವೊಂದರಲ್ಲಿ ನಡೆದ ಪ್ರೌಢಶಾಲಾ ಬಾಲಕಿಯರ ವಾಲಿಬಾಲ್ ಪಂದ್ಯಾಟಕ್ಕೆ ಪೋಷಕನಾಗಿ ಹೋಗಿದ್ದೆ. ನಿರ್ಣಾಯಕ ಸೆಟ್‌ನಲ್ಲಿ ರೊಟೇಶನ್ (ಆಟಗಾರ್ತಿಯರು ಸರದಿಯಂತೆ ಸ್ಥಾನ ಬದಲಿಸುವ ಕ್ರಮ) ತಪ್ಪಾಗಿದೆಯೆಂದು ತೀರ್ಪುಗಾರರು ಎದುರಾಳಿಗೆ ಅಂಕ ಕೊಟ್ಟಾಗ, ತಂಡದ ನಾಯಕಿ ಕೈ ಎತ್ತಿ ಅವರತ್ತ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲೇ ದೈಹಿಕ ಶಿಕ್ಷಣ ಶಿಕ್ಷಕರೂ ಅವರ ಬೆನ್ನಿಗೆ ಮೂವರು ಪೋಷಕರೂ ಅಂಕಣದೊಳಗೆ ನುಗ್ಗಿದ್ದರಿಂದ ಆಟ ಬಹಳ ಹೊತ್ತು ನಿಂತೇಹೋಯಿತು. ಆ ಹುಡುಗಿ ಚೆಂಡು ಹಿಡಿದುಕೊಂಡು ನೆಟ್ ಪಕ್ಕದಲ್ಲಿ ನಿಂತಿದ್ದಳು. ಆಕೆ ಕೇಳಬೇಕೆಂದಿದ್ದುದು ಏನೆಂದು ಯಾರೂ ವಿಚಾರಿಸಲಿಲ್ಲ.

ವಾಲಿಬಾಲ್ ನಿಯಮದ ಪ್ರಕಾರ ಚೆಂಡು ಆಟದಲ್ಲಿ ಇಲ್ಲದಾಗ ತೀರ್ಪುಗಾರರಿಂದ ವಿವರಣೆ ಕೇಳುವ ಅಧಿಕಾರವಿರುವುದು ಅಂಕಣದಲ್ಲಿರುವ ನಾಯಕಿಗೆ ಮಾತ್ರ. ವಿವರಣೆ ಒಪ್ಪಿಗೆಯಾಗದಿದ್ದರೆ ಆಕ್ಷೇಪವನ್ನು ಆಗಲೇ ತಿಳಿಸಿ, ಪಂದ್ಯ ಮುಗಿದ ಮೇಲೆ ಅಂಕಪಟ್ಟಿಯಲ್ಲಿ ದಾಖಲಿಸುವ ಹಕ್ಕೂ ಆಕೆಯದೇ. ನಾಯಕಿಯ ಅಂಗಿಯ ಮೇಲೆ ಸಂಖ್ಯೆಯ ಕೆಳಗೆ ಗುರುತಿನ ಪಟ್ಟಿ ಇರುವುದು ಅಲಂಕಾರಕ್ಕಲ್ಲ. ಫುಟ್‌ಬಾಲ್‌ನಲ್ಲೂ 2024ರ ಯುರೋ ಕಪ್‌ನಿಂದೀಚೆಗೆ ತೀರ್ಪಿನ ಬಗ್ಗೆ ರೆಫ್ರಿಯ ಬಳಿ ಹೋಗುವುದನ್ನು ನಾಯಕನಿಗಷ್ಟೇ ಸೀಮಿತಗೊಳಿಸುವ ಪದ್ಧತಿ ಬಲಗೊಳ್ಳುತ್ತಿದೆ. ನಮ್ಮಲ್ಲಿ ಮಾತ್ರ ಟಾಸ್ ಹಾಕುವುದು, ಟ್ರೋಫಿ ಹಿಡಿದು ಫೋಟೋಗೆ ನಿಲ್ಲುವುದು ಇವೆರಡೇ ನಾಯಕಿಯ ಪಾಲಿಗೆ ಉಳಿದಿವೆ.

2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ಪನ್ನು ಭಾರತಕ್ಕೆ ಗೆದ್ದುಕೊಟ್ಟ ನಾಯಕಿ ಮಮತಾ ಪೂಜಾರಿ ನಮ್ಮ ಕಾರ್ಕಳ ತಾಲ್ಲೂಕಿನವರು. 30 ಸೆಕೆಂಡಿನ ಒಂದು ರೈಡ್‌ನಲ್ಲಿ ಯಾರು ರೈಡರ್‌ಳ ಕಾಲು ಹಿಡಿಯಬೇಕು, ಯಾರು ಕೈಸರಪಳಿ ಬಿಡಬಾರದು ಎಂಬುದನ್ನು ಹೊರಗೆ ನಿಂತವರು ಕೂಗಿ ಹೇಳುವಷ್ಟರಲ್ಲಿ ರೈಡರ್ ಗೆರೆ ಮುಟ್ಟಿರುತ್ತಾಳೆ. ಅಂಥ ನಿರ್ಧಾರದ ಅಭ್ಯಾಸ ಹದಿನಾಲ್ಕು ಹದಿನೈದರ ವಯಸ್ಸಿನಲ್ಲೇ ಆಗಬೇಕು, ತಪ್ಪಿದರೂ ಸರಿಯೇ. 1980ರಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ನಾಯಕರಾಗಿದ್ದ ನಮ್ಮ ಜಿ.ಆರ್. ವಿಶ್ವನಾಥ್, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಮರಳಿ ಆಡಲು ಕರೆದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ನಿರ್ಧಾರವನ್ನು ಇಂದಿಗೂ ಚರ್ಚಿಸುವವರಿದ್ದಾರೆ, ಆದರೆ ಅದು ಅಂಗಳದಲ್ಲಿದ್ದ ನಾಯಕನದೇ ಆಗಿತ್ತು.

ಶಿಕ್ಷಕರ ಮೇಲೆ ಫಲಿತಾಂಶದ ಒತ್ತಡವಿರುವುದನ್ನು ನಾನು ಬಲ್ಲೆ. ಆದರೂ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯವರು ಮುಂದಿನ ವಲಯ ಮತ್ತು ತಾಲ್ಲೂಕು ಮಟ್ಟದ ಪಂದ್ಯಾಟಗಳಿಗೆ ಮೊದಲೇ ಒಂದು ಸುತ್ತೋಲೆ ಹೊರಡಿಸಿ, ತೀರ್ಪಿನ ಕುರಿತ ಪ್ರಶ್ನೆಯನ್ನು ನಾಯಕ ಅಥವಾ ನಾಯಕಿಯೇ ಕೇಳಬೇಕು, ಅಂಕಣದೊಳಗೆ ಬರುವ ಪೋಷಕರನ್ನು ಮೈದಾನದಿಂದ ಹೊರಗೆ ಕಳುಹಿಸಬೇಕು ಎಂದು ಸ್ಪಷ್ಟಪಡಿಸಬೇಕಾಗಿ ವಿನಂತಿ. ಆ ದಿನ ಗೆರೆಯಾಚೆ ನಿಂತು ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬನಿದ್ದೆ.

— ಓರ್ವ ಪೋಷಕ, ಸುರತ್ಕಲ್