ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿಸಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಉತ್ತರ ಕನ್ನಡ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಾನು ಕಾರವಾರದಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ನನ್ನ ಬೇಡಿಕೆ ಒಂದೇ. ಚರ್ಮದ ತೊಂದರೆಯೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರನ್ನು "ಈಚೆಗೆ ಯಾವ ಊರಿಗೆ, ಯಾವ ದೇಶಕ್ಕೆ ಹೋಗಿದ್ದಿರಿ?" ಎಂದು ಕೇಳುವುದನ್ನು ಕಡ್ಡಾಯ ಮಾಡಿ. ಉತ್ತರವನ್ನು ಹೊರರೋಗಿ ಚೀಟಿಯಲ್ಲೇ ಬರೆಸಿ.

ಭಟ್ಕಳ, ಹೊನ್ನಾವರದ ಎಷ್ಟೋ ಮನೆಗಳ ಅನ್ನ ಕೊಲ್ಲಿ ದೇಶಗಳ ದುಡಿಮೆಯಿಂದ ಬರುತ್ತದೆ. ಹಡಗಿನ ಕೆಲಸಕ್ಕೆ ಹೋದ ಹುಡುಗರು ಆಫ್ರಿಕದ ಬಂದರುಗಳನ್ನೂ ಕಂಡು ಬರುತ್ತಾರೆ. ರಜೆಗೆಂದು ಬಂದವರು ವಾಸಿಯಾಗದ ಹುಣ್ಣನ್ನು ತೋರಿಸಿ ನನ್ನ ಬಳಿ ಮುಲಾಮು ಕೇಳುತ್ತಾರೆ. ಸೌದಿ, ಇರಾಕ್, ಇರಾನ್ ಕಡೆ ಮರಳುನೊಣ ಕಚ್ಚುವುದರಿಂದ ಹರಡುವ ಲೀಶ್ಮೇನಿಯಾಸಿಸ್ ಎಂಬ ಚರ್ಮರೋಗ ಇದೆ. ಕಚ್ಚಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗುಳ್ಳೆ ಎದ್ದು, ಒಡೆದು ಹುಣ್ಣಾಗುತ್ತದೆ. ಹೆಚ್ಚಿನವರಿಗೆ ನೋವೂ ಇರುವುದಿಲ್ಲ. ಅಷ್ಟರಲ್ಲಿ ಮನುಷ್ಯ ಊರು ಸೇರಿರುತ್ತಾನೆ. ಈ ಹುಣ್ಣಿಗೂ ಆ ದೇಶಕ್ಕೂ ನಂಟಿದೆಯೆಂದು ಅವನಿಗೇ ಹೊಳೆಯುವುದಿಲ್ಲ. ಹುಣ್ಣಿನ ಅಂಚನ್ನು ಕೆರೆದು ತೆಗೆದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ತರುವ ಪರಾವಲಂಬಿ ಜೀವಿ ಕಾಣಸಿಗಬಹುದು. ನೋಡಬೇಕೆಂದು ಯಾರಿಗಾದರೂ ತೋಚಬೇಕಲ್ಲ! ಮುಖದ ಮೇಲಾದರೆ ಕಲೆ ಜೀವನಪರ್ಯಂತ ಉಳಿಯುತ್ತದೆ.

ಕಡಲತೀರದ ಪ್ರವಾಸ ಮುಗಿಸಿ ಬಂದವರದು ಇನ್ನೊಂದು ಬಗೆ. ನಾಯಿ, ಬೆಕ್ಕುಗಳ ಮಲದಿಂದ ಮರಳು ಸೇರಿದ ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದೊಳಗೆ ನುಗ್ಗುತ್ತದೆ. ಮನುಷ್ಯನಲ್ಲಿ ಅದು ಆಳಕ್ಕಿಳಿಯಲಾರದೆ ಮೇಲ್ಪದರದಲ್ಲೇ ಅಂಕುಡೊಂಕಾದ ಕೆಂಪು ಗೆರೆ ಕೊರೆಯುತ್ತ ಸಾಗುತ್ತದೆ. ನಿದ್ದೆಗೆಡಿಸುವ ತುರಿಕೆ ಅದು. ಹುಳುಕಡ್ಡಿಯೆಂದು ಭಾವಿಸಿ ವಾರಗಟ್ಟಲೆ ಮುಲಾಮು ಹಚ್ಚುವವರನ್ನು ಕಂಡಾಗ ಸಂಕಟವಾಗುತ್ತದೆ, ಏಕೆಂದರೆ ವೈದ್ಯರು ಗುರುತಿಸಿದರೆ ಐವರ್ಮೆಕ್ಟಿನ್ ಎಂಬ ಹುಳುನಾಶಕ ಔಷಧಿಯ ಒಂದೇ ಡೋಸ್ ಬಹುತೇಕರಿಗೆ ಸಾಕು. ಇಂಥವರು ಕೇಳುವ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ಆದರೂ ನಾನು ಇಲ್ಲವೆಂದರೆ ಗಿರಾಕಿ ಮುಂದಿನ ಅಂಗಡಿಗೆ ನಡೆಯುತ್ತಾನೆ. ಅದರ ತಪಾಸಣೆಯೂ ನಡೆಯಲಿ.

ಆಫ್ರಿಕಕ್ಕೆ ಹೊರಟವರಿಗೆ ಒಂದು ಮಾತು: ಅಲ್ಲಿನ ಟುಂಬು ನೊಣ ಹೊರಗೆ ಒಣಹಾಕಿದ ಬಟ್ಟೆಯ ಮೇಲೆ ಮೊಟ್ಟೆಯಿಡುತ್ತದೆ, ಅದರಿಂದ ಹೊರಬಂದ ಮರಿ ಚರ್ಮದೊಳಗೆ ಸೇರುತ್ತದೆ; ಬಿಸಿಗೆ ಮೊಟ್ಟೆ ಸಾಯುವುದರಿಂದ ಒಳಉಡುಪನ್ನೂ ಬಿಸಿ ಇಸ್ತ್ರಿ ಮಾಡಿಯೇ ತೊಡಿ.

ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಕಂಡ ಸಿದ್ದಾಪುರದಲ್ಲಿ ಜ್ವರವೆಂದರೆ "ಕಾಡಿಗೆ ಹೋಗಿದ್ದಿರಾ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಕರಾವಳಿಯ ಕೇಂದ್ರಗಳಿಗೂ ಅಂಥದೊಂದು ಪ್ರಶ್ನೆ ಬೇಕು. ಕಾರವಾರದ ವೈದ್ಯಕೀಯ ಕಾಲೇಜಿನ ಚರ್ಮತಜ್ಞರಿಂದ ನಮ್ಮ ವೈದ್ಯರಿಗೆ ಒಂದು ದಿನದ ತರಬೇತಿ ಕೊಡಿಸಿ, ಮಳೆಗಾಲದ ರಜೆಗೆ ಜನ ಬರುವ ಮೊದಲೇ ಸುತ್ತೋಲೆ ಹೊರಡಿಸಿ.

ಇಂತಿ,
ಕಾರವಾರದ ಒಬ್ಬ ಔಷಧಿ ವ್ಯಾಪಾರಿ