ಹಂಚು ತೊಳಿಯೂ ಉದ್ಯೋಗ: ಬಸೂಗ ಬರದ ಪತ್ರ

ಟ್ಯಾಂಪಾ, ಫ್ಲೋರಿಡಾ
ಮಾರ್ಚ್ 12

ಚಿ. ಬಸೂಗ ಅಣ್ಣನ ಆಶೀರ್ವಾದ. ಅವ್ವಗ, ಅಪ್ಪಗ ನಮಸ್ಕಾರ ಹೇಳು.

ಛಾವಣಿಯ ಹಂಚು ತೊಳಿಯೂ ಉದ್ಯೋಗ ಸುರು ಮಾಡಾಕ ಬ್ಯಾಂಕಿನಾಗ ಸಾಲ ತಗದು ದೊಡ್ಡ ಪ್ರೆಶರ್ ವಾಷರ್, ಅಂದ್ರ ಜೋರಿಲೆ ನೀರು ಹೊಡಿಯೂ ಯಂತ್ರ, ತರಲೇನು ಅಂತ ಕೇಳೀದಿ. ತರಬ್ಯಾಡ. ಹಂಚಿನ ಮ್ಯಾಲಿನ ಪಾಚಿ ಸಾಯೂದು ಔಷಧಕ್ಕ, ಅಂದ್ರ ಬ್ಲೀಚಿನ ನೀರಿಗೆ. ನೀರಿನ ಜೋರಿಗೆ ಮ್ಯಾಲಿನ ಪದರ ಅಷ್ಟ ಹಾರತೈತಿ, ಹಂಚಿನ ಸಣ್ಣ ತೂತಿನಾಗ ಉಳದದ್ದು ಮುಂದಿನ ಮಳಿಗೆ ಮತ್ತ ಹಸರಾಗತೈತಿ. ಜೋಡಿಗೆ ಹಂಚಿನ ಮೈ ಸವೀತೈತಿ, ಸಂದಿಯೊಳಗ ನೀರು ನುಗ್ಗಿ ರೀಪು ತೊಯ್ತಾವ.

ಇಲ್ಲಿ ಛಾವಣಿ ಅಂದ್ರ ಹೆಚ್ಚಾಗಿ ಡಾಂಬರಿನ ಶಿಂಗಲ್, ಹಂಚಿನ ಬದಲಿ ಹಾಸೂ ತೆಳು ಹಾಳಿ. ಗ್ಲಿಯೊಕ್ಯಾಪ್ಸಾ ಮ್ಯಾಗ್ಮಾ ಅನ್ನೂ ಸೂಕ್ಷ್ಮಜೀವಿ ಅದರ ಮ್ಯಾಲೆ ಕರೀ ಪಟ್ಟಿ ಎಬ್ಬಸತೈತಿ. ಶಿಂಗಲ್‌ನಾಗ ತುಂಬಿದ ಸುಣ್ಣಕಲ್ಲಿನ ಪುಡಿ ಅದಕ್ಕ ಆಹಾರ. ಶಿಂಗಲ್ ತಯಾರಕರ ಸಂಘ ಆರ್ಮಾ ಹೇಳೂದು ಇಷ್ಟ: ಬಟ್ಟಿಗೆ ಹಾಕೂ ಬ್ಲೀಚ್ ಅರ್ಧ, ನೀರು ಅರ್ಧ, 15ರಿಂದ 20 ನಿಮಿಷ ಬಿಟ್ಟು, ಕಮ್ಮಿ ಒತ್ತಡದ ನೀರಿಲೆ ತೊಳೀರಿ, ಪ್ರೆಶರ್ ವಾಷರ್ ಹಚ್ಚಬ್ಯಾಡ್ರಿ, ಮ್ಯಾಲಿನ ಹರಳು ಉದುರತಾವ. ಅಂದ್ರ ಸುಮಾರು ಶೇ. 3ರ ಕ್ಲೋರಿನ್. ಈ ಅಳತಿ ಹಂಗ ನಮ್ಮ ಮಂಗಳೂರು ಹಂಚಿಗೆ ಹಚ್ಚಬ್ಯಾಡ. ಸುಟ್ಟ ಮಣ್ಣು ಔಷಧ ಹೀರತೈತಿ, ಬಾಳ ಹೊತ್ತು ಹಸಿ ಇರತೈತಿ, ಅದಕ್ಕ ಶೇ. 2 ಸಾಕು. ದಪ್ಪ ಪಾಚಿ ಇದ್ರ ಖಾರ ಹೆಚ್ಚ ಮಾಡೂ ಬದಲಿ ಎರಡ ಸಲ ಹೊಡಿ.

ಈಗ ಔಷಧ. ಬ್ಲೀಚಿನಾಗ ಇರೂ ಸೋಡಿಯಂ ಹೈಪೋಕ್ಲೋರೈಟನ್ನ ದೊಡ್ಡ ಕ್ಯಾನಿನಾಗ ಶೇ. 10–12 ಅಂತ ಮಾರತಾರ. ಅಂಗಡ್ಯಾಗ ಬರೇ ‘ಹೈಪೋ’ ಅಂತ ಕೇಳಬ್ಯಾಡ, ಪೂರ್ತಿ ಹೆಸರು ಹೇಳು. ಫೋಟೋ ತೊಳಿಯೂ ಸೋಡಿಯಂ ಥಯೋಸಲ್ಫೇಟಿಗೂ ಹೈಪೋ ಅಂತಾರ, ಅದು ಕ್ಲೋರಿನ್ನನ್ನ ಕೊಲ್ಲೂ ವಸ್ತು. ಕ್ಯಾನ್ ಮ್ಯಾಲೆ ತಯಾರಾದ ತಾರೀಖು ನೋಡು. ಬಿಸಲು, ಬೆಳಕು, ಕಬ್ಬಿಣ-ತಾಮ್ರದ ಸಂಪರ್ಕ, ಮೂರಕ್ಕೂ ಇದು ಕೆಡತೈತಿ. ಹುಬ್ಬಳ್ಳಿಯ ಏಪ್ರಿಲ್ ಬಿಸಲಾಗ ತಗಡಿನ ಶೆಡ್ಡಿನೊಳಗ ಇಟ್ರ ಕೆಲವ ವಾರದಾಗ ಬಲ ಇಳದುಬಿಡತೈತಿ. ಹದಿನೈದ ದಿನಕ್ಕ ಬೇಕಾಗೂದಷ್ಟ ತಾ, ನೆರಳಾಗ ಇಡು. ಗಾಳಿ ಹೋಗೂ ಮುಚ್ಚಳ ಇರಲಿ, ಬಿಗಿದ ಮುಚ್ಚಿದ್ರ ಒಳಗ ಗ್ಯಾಸ್ ತುಂಬಿ ಕ್ಯಾನ್ ಉಬ್ಬತೈತಿ.

ಲೆಕ್ಕ ಹಿಂಗ: ಎಷ್ಟು ಲೀಟರ್ ಮಿಶ್ರಣ ಬೇಕೋ ಅದನ್ನ ಬೇಕಾದ ಶೇಕಡಾದಿಂದ ಗುಣಿಸು, ಕ್ಯಾನಿನ ಶೇಕಡಾದಿಂದ ಭಾಗಿಸು. 100 ಲೀಟರ್ ಶೇ. 2 ಬೇಕು, ಕ್ಯಾನ್ ಶೇ. 10 ಅಂದ್ರ 20 ಲೀಟರ್ ಔಷಧ, 80 ಲೀಟರ್ ನೀರು. ಅದ ಕ್ಯಾನ್ ಹಳೀದಾಗಿ ಶೇ. 7ಕ್ಕ ಇಳದಿದ್ರ ಸುಮಾರು 29 ಲೀಟರ್ ಹಾಕಬೇಕಾಗತೈತಿ. ಎಷ್ಟ ಜನ ಇಲ್ಲೇ ಎಡವತಾರ: ಔಷಧ ಕೆಟ್ಟದ್ದು ಗೊತ್ತಾಗದ, ಹಂಚು ಸರಿಯಿಲ್ಲಂತ ಒತ್ತಡ ಏರಸತಾರ. ಹೊಸ ಕ್ಯಾನ್ ಒಡದಾಗ ಒಂದ ಹಂಚಿನ ಮ್ಯಾಲೆ ಹೊಡದು ಎಷ್ಟು ನಿಮಿಷಕ್ಕ ಪಾಚಿಯ ಹಸರು ಬಿಳಿಚತೈತಿ ಅಂತ ಬರದಿಡು. ಮುಂದ ಅದಕ್ಕ ಡಬಲ್ ಹೊತ್ತು ಹಿಡೀತಂದ್ರ ಕ್ಯಾನ್ ಬಲ ಕಳಕೊಂಡೈತಿ.

ಬ್ಲೀಚಿಂಗ್ ಪುಡಿ ಅಗ್ಗ ಅಂತ ಬರದೀದಿ. ಹೌದು. ಅದರಾಗ ಸುಮಾರು ಶೇ. 30 ಕ್ಲೋರಿನ್ ಇರತೈತಿ, 100 ಲೀಟರ್ ಶೇ. 2ಕ್ಕ 6ರಿಂದ 7 ಕಿಲೋ ಹತ್ತತೈತಿ. ಆದ್ರ ಸುಣ್ಣದ ಗಸಿ ನಾಜಲ್ ಕಟ್ಟತೈತಿ, ಕೆಂಪ ಹಂಚಿನ ಮ್ಯಾಲೆ ಬಿಳಿ ಕಲೆ ಕೂಡಸತೈತಿ. ಹಾಕಲೇಬೇಕಂದ್ರ ಪ್ಲಾಸ್ಟಿಕ್ ಡ್ರಮ್ಮಿನಾಗ ರಾತ್ರಿ ನೆನಸಿ, ಬೆಳಿಗ್ಗೆ ಮ್ಯಾಲಿನ ತಿಳಿನೀರಷ್ಟ ಬಟ್ಟಿಲೆ ಸೋಸಿ ತಗೋ. ಸಿಮೆಂಟಿನ ಸ್ಲ್ಯಾಬಿಗೆ ಇದು ನಡೀತೈತಿ, ಹಂಚಿಗೆ ಬ್ಯಾಡ.

ಇಳಿಜಾರಿನ ಮ್ಯಾಲೆ ಔಷಧ ನಿಲ್ಲಾಕ ಸೋಪು ಬೇಕು. ಫಿನೈಲ್, ಸೋಪ್ ಆಯಿಲ್ ಮಾಡೂ ಸಾಮಾನಿನ ಅಂಗಡ್ಯಾಗ ಎಸ್‌ಎಲ್‌ಇಎಸ್ (ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್, ನೊರಿ ಬರಸೂ ಸೋಪಿನ ಸಾಮಾನು) ಅಂತ ಕೇಳು, ಜೇನಿನಂಗ ಗಟ್ಟಿ ಇರತೈತಿ. 100 ಗ್ರಾಂ ತಗೊಂಡು ಒಂದ ಲೀಟರ್ ನೀರಾಗ ರಾತ್ರಿ ನೆನಸು; 16 ಲೀಟರ್ ಪಂಪಿಗೆ ಅದರಾಗಿಂದ ಕಾಲ ಲೀಟರ್ ಸಾಕು. ಮೊದಲ ನೀರು, ಆಮ್ಯಾಲೆ ಹೈಪೋಕ್ಲೋರೈಟ್, ಕಡೀಕ ಸೋಪು. ಮೊದಲ ಸೋಪು ಹಾಕಿದ್ರ ನೊರಿ ಎದ್ದು ಅಳತಿ ತಪ್ಪತೈತಿ.

ಇದನ್ನ ಎರಡ ಸಲ ಓದು, ತಮ್ಮಾ. ಅದ ಅಂಗಡ್ಯಾಗ ಅದ ಕೆಲಸಕ್ಕಂತ ‘ಆಸಿಡ್ ಸ್ಲರಿ’ ಮಾರತಾರ. ಅದು ಹೆಸರಿನಂಗ ಆಮ್ಲ. ಹೈಪೋಕ್ಲೋರೈಟಿಗೆ ಅದು ಬೀಳಲಿ, ಸಂಡಾಸ ತೊಳಿಯೂ ಆಸಿಡ್ ಬೀಳಲಿ, ಕ್ಲೋರಿನ್ ಗ್ಯಾಸ್ ಎದ್ದು ಉಸರು ಕಟ್ಟತೈತಿ. ಅಮೋನಿಯಾ ಇರೂ ಕ್ಲೀನರ್ ಸೇರಿದ್ರೂ ವಿಷದ ಗ್ಯಾಸ ಬರತೈತಿ. ಹಳೀ ಆಸಿಡ್ ಡಬ್ಬಿಯನ್ನ ತೊಳದು ಔಷಧ ತುಂಬೂದೂ ಬ್ಯಾಡ. ಅಪ್ಪಿ ತಪ್ಪಿ ಗ್ಯಾಸ್ ಎದ್ರ ಡಬ್ಬಿ ಎತ್ತಾಕ ಹೋಗಬ್ಯಾಡ, ಗಾಳಿ ಬರೂ ದಿಕ್ಕಿಗೆ ಎಲ್ಲಾರೂ ದೂರ ಹೋಗ್ರಿ. ಕಣ್ಣಿಗೆ ಹನಿ ಬಿದ್ರ 15 ನಿಮಿಷ ಬಿಡದ ಹರಿಯೂ ನೀರು, ಆಮ್ಯಾಲೆ ಡಾಕ್ಟರು.

ಪಂಪಿಗೆ ಬರ್ತೀನಿ. ನಿನ್ನ ಮೊದಲ ಯಂತ್ರ ಎಪಿಎಂಸಿ ಹತ್ರದ ಅಂಗಡ್ಯಾಗ ಸಿಗೂ, ಹತ್ತಿಗೆ ಎಣ್ಣಿ (ಕೀಟನಾಶಕ) ಹೊಡಿಯೂ 16 ಲೀಟರಿನ ಬ್ಯಾಟರಿ ಪಂಪ್. ಹೊಸಾದ ತಗೋ, ಯಾರದೋ ಹೊಲದಾಗ ಕಳೆನಾಶಕ ಹೊಡದ ಪಂಪ್ ತಂದ್ರ ಗಿರಾಕಿಯ ಮಲ್ಲಿಗಿ ಬಳ್ಳಿ ಸಾಯತೈತಿ. ಶೇ. 2 ಬೇಕಂದ್ರ ಈ ಪಂಪಿಗೆ ಶೇ. 10ರ ಔಷಧ 3.2 ಲೀಟರ್, ಉಳದದ್ದು ಸೋಪಿನ ನೀರೂ ಹಿಡದು 12.8 ಲೀಟರ್. ಸಾವಿರ ಚದರಡಿಗೆ 40ರಿಂದ 60 ಲೀಟರ್ ಹತ್ತತೈತಿ, ಅಂದ್ರ ಮೂರ್ನಾಕ ಪಂಪ್. ಹಿತ್ತಾಳಿ ನಾಜಲ್, ಹಿತ್ತಾಳಿ ಕೋಲು ಇದ್ರ ತಗದು ಪ್ಲಾಸ್ಟಿಕ್ಕಿಂದು ಹಾಕಸು. ಅಗಲಾಗಿ ಬೀಳೂ ಚಪ್ಪಟಿ ನಾಜಲ್ ಬೇಕು. ಮಂಜಿನಂಗ ಹಾರೂ ನಾಜಲ್ ಆದ್ರ ಗಾಳಿಗೆ ಬಾಜೂ ಮನಿ ಬಟ್ಟಿ ಮ್ಯಾಲೆ ಹೋಗತೈತಿ.

ಕೆಲಸ ಹೆಚ್ಚಾದ ಮ್ಯಾಲೆ 12 ವೋಲ್ಟಿನ ಡಯಾಫ್ರಮ್ ಪಂಪ್ (ಒಳಗಿನ ರಬ್ಬರ್ ಪರದಿ ನೀರು ತಳ್ಳೂದು) ತಗೋ, ನಿಮಿಷಕ್ಕ 15–20 ಲೀಟರ್ ಕೊಡೂದು, ಒತ್ತಡ 60 ಪಿಎಸ್‌ಐ ಒಳಗಿಂದು. ಒಳಗಿನ ಡಯಾಫ್ರಮ್, ವಾಲ್ವ್ ಇಪಿಡಿಎಂ, ಸ್ಯಾಂಟೊಪ್ರೀನ್ ಅಥವಾ ವೈಟಾನ್ ಅನ್ನೂ ರಬ್ಬರಿಂದು ಇರಬೇಕು. ಸಾದಾ ನೈಟ್ರೈಲ್ ರಬ್ಬರ್ ಬಾಳ ದಿನ ತಡಿಯೂದಿಲ್ಲ. ಕಾರಿನ ಬ್ಯಾಟರಿ ಸಾಕು, ತಂತಿಗೆ ಫ್ಯೂಜ್ ಹಾಕಸು. ಎಣ್ಣಿ ಹೊಡಿಯೂ ದೊಡ್ಡ ಎಚ್‌ಟಿಪಿ ಪಂಪ್ ಬ್ಯಾಡ, ಅದರ ಹಿತ್ತಾಳಿ ತಲಿಯನ್ನ ಹೈಪೋಕ್ಲೋರೈಟ್ ತಿಂದುಹಾಕತೈತಿ. ಯಾವ ಪಂಪೇ ಇರಲಿ, ಸಂಜೀಕ ಐದ ನಿಮಿಷ ಬರೇ ನೀರು ಓಡಸು. ಉಪ್ಪು ಒಳಗ ಹರಳುಗಟ್ಟಿ ವಾಲ್ವ್ ಹಿಡಕೊಂಡು ಪಂಪ್ ಸಾಯೂದ ಹೆಚ್ಚು, ಸವದು ಸಾಯೂದು ಕಮ್ಮಿ.

ಹೊಡಿಯೂ ಕ್ರಮ ಹೇಳತೀನಿ. ಮೊದಲ ಮಳಿನೀರಿನ ಕೊಳವಿ ತೊಟ್ಟಿಗೆ, ಬಾವಿಗೆ ಹೋಗಿದ್ರ ಬಿಡಸಿಡು. ಆಕಳ ನೀರು ಕುಡಿಯೂ ಕಲ್ಲಬಾನಿ ಇದ್ರ ಮುಚ್ಚು. ತುಳಸಿಕಟ್ಟಿಗೆ, ಗಿಡಕ್ಕ ಬುಡ ತುಂಬ ನೀರು ಹಾಕು, ಎಲಿ ತೊಯ್ಸು. ಹಸಿ ಮಣ್ಣು ಔಷಧ ಕಮ್ಮಿ ಹೀರತೈತಿ. ಪ್ಲಾಸ್ಟಿಕ್ ಹೊದಿಸಿದ್ರ ಹೊಡದ ಕೂಡಲೇ ತಗಿ, ಬಿಸಲಿಗೆ ಒಳಗ ಗಿಡ ಬೇಯತೈತಿ. ಬೆಳಿಗ್ಗೆ ಬಿಸಲು ಏರೂದರೊಳಗ ಹೊಡಿ. ಕಾದ ಹಂಚಿನ ಮ್ಯಾಲೆ ಹತ್ತ ನಿಮಿಷಕ್ಕ ಔಷಧ ಒಣಗಿದ್ರ ಪಾಚಿ ಅರ್ಧ ಸಾಯತೈತಿ, ಉಪ್ಪಿನ ಕಲೆ ಕೂಡತೈತಿ. ಕೆಳಗಿನ ಅಂಚಿಂದ ಸುರು ಮಾಡಿ ಮ್ಯಾಲಕ ಹೋಗು. ಮ್ಯಾಲಿಂದ ಹೊಡದ್ರ ಒಣ ಹಂಚಿನ ಮ್ಯಾಲೆ ಹರದ ಗೆರಿ ಹಂಗ ಉಳೀತಾವ. 20 ನಿಮಿಷ ಬಿಡು, ತೊಳಿ, ಗಿಡಕ್ಕ ಮತ್ತ ನೀರು ಹಾಕು. ದಪ್ಪ ಪಾಚಿ ಅವತ್ತ ಕೀಳಬ್ಯಾಡ. ಎರಡ ವಾರದಾಗ ಒಣಗಿ ಹಪ್ಪಳದಂಗ ಆಗತೈತಿ, ಆಗ ತೆಂಗಿನ ನಾರಿನ ಕಸಬರಗಿಲೆ ಉದುರಸು.

ಹಂಚಿನ ಮ್ಯಾಲೆ ಬಿಳಿ-ಬೂದಿ ಬಣ್ಣದ ಗುಂಡನ ಚುಕ್ಕಿ ಇರತಾವಲ್ಲ, ಅವು ಮಸಾಲಿಗೆ ಹಾಕೂ ಕಲ್ಲಹೂವಿನ ಬಳಗ. ಅವು ಸತ್ತ ಮ್ಯಾಲೂ ಅಂಟಕೊಂಡ ಇರತಾವ, ಮಳಿ ತಿಂಗಳಗಟ್ಟಲೆ ಕೆರದು ತಗೀಬೇಕು. ಇದನ್ನ ಗಿರಾಕಿಗೆ ದುಡ್ಡು ಮಾತಾಡೂ ಮೊದಲ ಹೇಳು.

ಎಲ್ಲಾ ಛಾವಣಿ ಒಪ್ಪಕೊಬ್ಯಾಡ. ಗದಗ ಕಡೆ ಮಣ್ಣಿನ ಮಾಳಿಗಿಗೆ ನೀರ ಹಚ್ಚೂ ಮಾತ ಇಲ್ಲ. ಆಸ್ಬೆಸ್ಟಾಸ್ ಸಿಮೆಂಟ್ ಶೀಟಿಗೆ ಒತ್ತಡದ ನೀರೂ ಬ್ಯಾಡ, ಬ್ರಷ್ಷೂ ಬ್ಯಾಡ. ಆಸ್ಬೆಸ್ಟಾಸಿನ ನಾರಿನ ಎಳಿ ಗಾಳಿಗೆ ಎದ್ದು ಶ್ವಾಸಕೋಶಕ್ಕ ಹೋಗತಾವ, ಕಾಲಿಟ್ರ ಶೀಟ್ ಮುರದು ಕೆಳಗ ಬೀಳತಿ. ತಗಡಿಗೆ ಬರೇ ಸೋಪಿನ ನೀರು, ಹೈಪೋಕ್ಲೋರೈಟ್ ಸತುವಿನ ಲೇಪ ತಿಂತೈತಿ. ಬಣ್ಣ ಹಚ್ಚಿದ ಹಂಚಿಗೆ ಮೊದಲ ಮೂಲ್ಯಾಗ ಒಂದ ಹಂಚು ನೋಡು. ಧಾರವಾಡದ ಮಾಳಮಡ್ಡಿ, ಸಾಧನಕೇರಿಯ ಹಳೀ ಮನಿ, ಹಾನಗಲ್ ಕಡೀ ಮನಿಗಳು ನಿನಗ ಒಳ್ಳೇ ಕೆಲಸ. ಆದ್ರ ಹಳೀ ಹಂಚು ಒಡದ್ರ ಜೋಡಿ ಅಳತಿಂದು ಸಿಗೂದು ಕಷ್ಟ. ಒಂದ ಹಂಚಿನ ಮ್ಯಾಲೆ ಇನ್ನೊಂದ ಹಂಚು ಕುಂತಲ್ಲಿ, ಕೆಳಗ ರೀಪು ಇರೂ ಕಡೆ ಕಾಲಿಡು, ಅದಕ್ಕಿಂತ ಚಲೋ ಅಂದ್ರ ಹಲಗಿ ಹಾಸು, ಅದಕ್ಕೂ ಚಲೋ ಅಂದ್ರ ನಿಚ್ಚಣಿಕಿ ಮ್ಯಾಲಿಂದನ ಉದ್ದ ಕೋಲಿಲೆ ಹೊಡಿ.

ವಾಷರ್ ಬಿಟ್ಟು ಉಳದ ದುಡ್ಡಿನಾಗ ಮೊದಲ ಪೂರ್ತಿ ಮೈಗೆ ಹಾಕೂ ಸೇಫ್ಟಿ ಬೆಲ್ಟು, ಹಗ್ಗ, ರಬ್ಬರ್ ಬೂಟು, ಕಣ್ಣಿನ ಗಾಗಲ್, ಉದ್ದನ್ನ ಗ್ಲೌಸ್ ತಗೋ. ಸೋಪು ಬಿದ್ದ ಹಂಚು ಬೆಣ್ಣಿಯಂಗ ಜಾರತೈತಿ. ನಿಚ್ಚಣಿಕಿ ನಾಕ ಅಡಿ ಎತ್ತರಕ್ಕ ಒಂದ ಅಡಿ ಗ್ವಾಡಿಯಿಂದ ದೂರ ಇರಲಿ, ಕೆಳಗ ಒಬ್ಬ ಹಿಡಕೊಂಡ ನಿಂದರಲಿ. ಕರೆಂಟಿನ ತಂತಿ ಹತ್ರ ಇದ್ರ ಆ ಬಾಜೂ ಮುಟ್ಟಬ್ಯಾಡ. ಅವ್ವಗ ಇದರ ಚಿಂತಿ ಐತಿ ಅಂತ ಬರದೀದಿ. ಬೆಲ್ಟು ತಂದ ದಿನ ಆಕಿಗೆ ತೋರಸು.

ಪಂಪಿಗೆ ದುಡ್ಡು ಕೊಡೂ ಮೊದಲ ಅದರ ಲೇಬಲ್ ಮತ್ತ ಔಷಧದ ಕ್ಯಾನಿನ ಚೀಟಿ ಎರಡರ ಫೋಟೋ ತಗದು ಕಳಿಸು. ಡಯಾಫ್ರಮ್ ಯಾವ ರಬ್ಬರಿಂದು ಅಂತ ಅಂಗಡಿಯವರಿಗೆ ಕೇಳಿ ಬರಿ.

ನಿನ್ನ ಅಣ್ಣ