ರಿಜಿಸ್ಟರಿನಲ್ಲಿ ನಿನ್ನ ಹೆಸರಿದೆ ಗೆಳೆಯಾ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು, "ನಾನು ಎಸ್ಸೆಸ್ಸೆಲ್ಸಿ ಪಾಸೇ ಆಗಿಲ್ಲ, ಗುರುವಂದನೆಗೆ ನಾನ್ಯಾಕೆ ಬರ್ಲಿ" ಅಂದೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಏನೋ ಹೇಳಿ ಫೋನ್ ಇಟ್ಟೆ. ಆಮೇಲೆ ನಾಲ್ಕು ದಿನ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಕಳೆದ ವಾರ ಚಳ್ಳಕೆರೆಯಲ್ಲಿ ಬಸ್ ಹತ್ತಿ ನಮ್ಮ ಹೈಸ್ಕೂಲಿಗೆ ಹೋಗಿದ್ದೆ. 1996ರ ಬ್ಯಾಚಿನ ಹೆಸರುಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಈಗಿನ ಹೆಡ್‌ಮಿಸ್ಸು ಬೀರು ತೆಗೆದು ನನ್ನ ಮುಂದೆ ಎರಡು ಪುಸ್ತಕ ಇಟ್ಟರು. ಒಂದು ಎಸ್ಸೆಸ್ಸೆಲ್ಸಿ ಫಲಿತಾಂಶದ್ದು. ಇನ್ನೊಂದು ಎಂಟನೇ ಕ್ಲಾಸಿಗೆ ಸೇರಿದವರ ದಾಖಲಾತಿ ರಿಜಿಸ್ಟರು. "ಪಾಸಾದವರ ಪಟ್ಟಿ ಸಾಕಲ್ವಾ ಸರ್" ಅಂದರು. ನಾನೂ ಸಾಕು ಅಂದುಕೊಂಡೇ ಹೋಗಿದ್ದೆ. ಸುಮ್ನೆ ಎರಡನೆಯದನ್ನು ತೆರೆದೆ. ಮಧ್ಯಾಹ್ನದ ಬೆಲ್ಲು ಹೊಡೆಯುವವರೆಗೂ ಮುಚ್ಚಲಿಲ್ಲ.

ಎಲ್ಲಕ್ಕಿಂತ ಹಳೆಯ ರಿಜಿಸ್ಟರು ಕೂಡ ಅಲ್ಲೇ ಇತ್ತು ಕಣೋ. ಅದರ ತಲೆಯ ಮೇಲೆ 'ಮೈಸೂರು ರಾಜ್ಯ' ಅಂತ ಅಚ್ಚಾಗಿದೆ. 1973ರ ನವೆಂಬರಿನಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತಲ್ಲ, ಆಮೇಲಿನ ಪುಟಗಳಲ್ಲಿ ಯಾರೋ ಗುಮಾಸ್ತರು 'ಮೈಸೂರು' ಹೊಡೆದುಹಾಕಿ ನೀಲಿ ಶಾಯಿಯಲ್ಲಿ 'ಕರ್ನಾಟಕ' ಅಂತ ಬರೆದಿದ್ದಾರೆ. ಪ್ರತಿ ಪುಟದಲ್ಲೂ, ಪುಸ್ತಕ ಮುಗಿಯುವವರೆಗೂ. ಹೊಸ ಪುಸ್ತಕಕ್ಕೆ ದುಡ್ಡಿರಲಿಲ್ಲವೋ ಏನೋ, ಆ ಅಕ್ಷರ ಮಾತ್ರ ಎಲ್ಲೂ ಅವಸರದಲ್ಲಿ ಬರೆದಂತಿಲ್ಲ.

ಮೊದಲ ಪುಟಗಳಲ್ಲಿ ಹುಡುಗಿಯರ ಹೆಸರು ಹುಡುಕಬೇಕು. ಹುಡುಗರೆಂದರೆ ತಿಪ್ಪೇಸ್ವಾಮಿ, ಓಬಯ್ಯ, ಬೋರಯ್ಯ, ಪಾಲಯ್ಯ, ಮತ್ತೆ ತಿಪ್ಪೇಸ್ವಾಮಿ. ತಿಪ್ಪೇಸ್ವಾಮಿಯ ಗುಡಿ ಇರುವ ನಾಯಕನಹಟ್ಟಿ ಇಷ್ಟು ಹತ್ತಿರ ಇರುವಾಗ ಇನ್ನೇನು ಹೆಸರು ಇಡುತ್ತಾರೆ ಹೇಳು. ತಂದೆಯ ಕಸುಬು ಅನ್ನುವ ಕಾಲಂ ನೋಡಿದರೆ ನಮ್ಮ ಸೀಮೆಯೇ ಕಣ್ಮುಂದೆ ಬರುತ್ತದೆ. ಒಕ್ಕಲುತನ, ಕುರಿ ಸಾಕಣೆ, ಕಂಬಳಿ ನೇಯ್ಗೆ, ಕೂಲಿ, ಕೂಲಿ, ಕೂಲಿ. ಚಳ್ಳಕೆರೆಯನ್ನು ಎಣ್ಣೆ ನಗರಿ ಅಂತ ಕರೆಯುತ್ತಿದ್ದ ಕಾಲಕ್ಕೆ ಬಂದರೆ 'ಎಣ್ಣೆ ಮಿಲ್ಲು' ಅಂತ ಕಾಣಿಸತೊಡಗುತ್ತದೆ. ಪೋಷಕರ ಸಹಿಯ ಜಾಗದಲ್ಲಿ ಸಾಲು ಸಾಲು ಹೆಬ್ಬೆಟ್ಟು. ನಮ್ಮ ಪುಟದಲ್ಲೂ ಹಾಗೆಯೇ. ನಿಮ್ಮಪ್ಪನ ಹೆಬ್ಬೆಟ್ಟು ಇದೆ. ನಮ್ಮಪ್ಪನದೂ ಇದೆ. ಎರಡೂ ಒಂದೇ ಪುಟದಲ್ಲಿವೆ.

ನಿನ್ನ ಹೆಸರಿನ ಮುಂದೆ, ಶಾಲೆ ಬಿಟ್ಟ ಕಾರಣ ಅನ್ನುವ ಕಾಲಂನಲ್ಲಿ, ಕೆಂಪು ಶಾಯಿಯಲ್ಲಿ ಎರಡೇ ಪದ. 'ದೀರ್ಘ ಗೈರು.'

ನನಗೆ ಅದನ್ನು ಓದಿ ಸಿಟ್ಟು ಬಂತು. ಬರೆದವರ ಮೇಲಲ್ಲ. ಅವರು ನಿಯಮದ ಪ್ರಕಾರ ಬರೆದಿದ್ದಾರೆ. ಆದರೆ ಕಾರಣ ಅದಲ್ಲ ಅಲ್ವಾ? ಕಾರಣ ನನಗೆ ಗೊತ್ತು. ನಿಮ್ಮೂರಿಂದ ಸ್ಕೂಲಿಗೆ ಆರು ಕಿಲೋಮೀಟರು. ಬರುವಾಗ ಆರು, ಹೋಗುವಾಗ ಆರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಇದ್ದದ್ದು ಶೇಂಗಾ ಬೆಳೆಯೊಂದೇ. ಮುಂಗಾರಿಗೆ ಬಿತ್ತಿದ ಶೇಂಗಾ ಕೀಳುವ ಹೊತ್ತಿಗೆ ದಸರಾ ರಜೆ ಮುಗಿದಿರುತ್ತಿತ್ತು. ಪ್ರತಿ ವರ್ಷ ಆಗ ಅರ್ಧ ಕ್ಲಾಸು ಖಾಲಿ. ಹೆಚ್ಚಿನವರು ಹದಿನೈದು ದಿನಕ್ಕೆ ವಾಪಸ್ ಬರುತ್ತಿದ್ದರು, ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇಟ್ಟುಕೊಂಡೇ. ಹತ್ತನೇ ಕ್ಲಾಸಿನಲ್ಲಿ ನೀನು ವಾಪಸ್ ಬರಲಿಲ್ಲ. ಆ ವರ್ಷ ಕಾಯಿ ಜೊಳ್ಳಾಗಿತ್ತು, ನಿಮ್ಮಪ್ಪ ಸಾಲದಲ್ಲಿದ್ದರು, ನೀನು ಮಿಲ್ಲಿನಲ್ಲಿ ಮೂಟೆ ಹೊರಲು ಹೋದೆ. ಇಷ್ಟೆಲ್ಲ ಬರೆಯಲು ಆ ಕಾಲಂನಲ್ಲಿ ಜಾಗ ಇಲ್ಲ.

ಇನ್ನೊಂದು ಮಾತು ಹೇಳಬೇಕು. ಮಧ್ಯಾಹ್ನ ಊಟದ ಬೆಲ್ಲಿಗೆ ನೀನು ಬೋರಿನ ಹತ್ತಿರ ಹೋಗುತ್ತಿದ್ದೆ. ಖೋ ಖೋ ಅಂಕಣದ ಸಾಲಿಗೆ ನೆಟ್ಟಿದ್ದ ಹೊಂಗೆ ಸಸಿಗಳಿಗೆ ನೀರು ಹಾಕುತ್ತೇನೆ ಅನ್ನುತ್ತಿದ್ದೆ. ಎರಡೆರಡು ಕೊಡ ಹೊರುತ್ತಿದ್ದೆ. ನಿನಗೆ ಗಿಡ ಅಂದರೆ ಇಷ್ಟ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಬುತ್ತಿ ತಂದಿರುತ್ತಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ನೀನು ಬಿಟ್ಟು ಹೋದ ಮೇಲೆ. ಪಕ್ಕದಲ್ಲೇ ಕೂರುತ್ತಿದ್ದವನಿಗೆ ಅಷ್ಟು ತಿಳಿಯಲಿಲ್ಲ. ಅದಕ್ಕೆ ಈಗಲೂ ನನಗೆ ಸಂಕಟ ಇದೆ.

ಈಗ ನೋಡು. ನಾವು ಹೈಸ್ಕೂಲು ಮುಗಿಸಿದ ಹತ್ತು ವರ್ಷಕ್ಕೆ, 2006-07ರಲ್ಲಿ, ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಅದರ ಮರುವರ್ಷ ಬಿಸಿಯೂಟ ಹೈಸ್ಕೂಲಿಗೂ ಬಂತು. 2013ರಲ್ಲಿ ಹಾಲು ಬಂತು. ಈಗ ಮೊಟ್ಟೆ, ಬಾಳೆಹಣ್ಣು. ನಾನು ಹೋದ ದಿನ ಮಕ್ಕಳು ಜಗಲಿಯಲ್ಲಿ ಸಾಲಾಗಿ ಕೂತು ಅನ್ನ ಸಾರು ಉಣ್ಣುತ್ತಿದ್ದರು. ಒಬ್ಬ ಹುಡುಗ ಎರಡನೇ ಸಲ ತಟ್ಟೆ ಚಾಚಿದ, ಅಡುಗೆಯಮ್ಮ ಏನೂ ಕೇಳದೆ ಬಡಿಸಿದರು. ನನಗೆ ನಿನ್ನ ನೆನಪು ಬಂತು. ಒಂದು ಸೈಕಲ್ಲು, ಒಂದು ಹೊತ್ತಿನ ಊಟ. ಅಷ್ಟಿದ್ದಿದ್ದರೆ ನೀನು ಉಳಿಯುತ್ತಿದ್ದೆ ಅಂತ ನಾನು ನಂಬುತ್ತೇನೆ. ಕೊರೋನಾ ಬಂದ ಮೇಲೆ ಆ ಸೈಕಲ್ ನಿಂತದ್ದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಹಳ್ಳಿ ಇನ್ನೂ ಅಷ್ಟೇ ದೂರದಲ್ಲಿದೆ.

ಬ್ರಹ್ಮಗಿರಿಗೆ ಹೋಗಿದ್ದು ನೆನಪಿದೆಯಾ? ಒಂಬತ್ತನೇ ಕ್ಲಾಸು, ಸಮಾಜದ ಮೇಷ್ಟ್ರು ಕರೆದುಕೊಂಡು ಹೋಗಿದ್ದರು. ಕೆಂಪು ಬಸ್ಸಿನಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದವರೆಗೆ, ಅಲ್ಲಿಂದ ನಡಿಗೆ. ಬಂಡೆಯ ಮೇಲೆ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆಹಚ್ಚಿದ್ದನ್ನು ಮೇಷ್ಟ್ರು ಹೇಳಿದರು. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅಂತ ಅದರಲ್ಲಿ ಇದೆ ಅಂದರು. ನಾವೆಲ್ಲ ತಲೆ ಆಡಿಸಿದೆವು. ನೀನು ಒಬ್ಬನೇ ಕೈ ಎತ್ತಿ ಕೇಳಿದೆ. "ಆಗ ಎಲ್ಲರಿಗೂ ಓದೋಕೆ ಬರ್ತಿತ್ತಾ ಸರ್? ಬರದವರು ಏನು ಮಾಡ್ತಿದ್ರು?"

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಇದನ್ನು ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬರೆದದ್ದು, ಅವರು ಜನರಿಗೆ ತಿಳಿಸಬೇಕಾಗಿತ್ತು ಅಂತ ವಿವರಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ನಿನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಈ ಗುರುವಂದನೆ ಅವರಿಗೂ ಸೇರಿ ಮಾಡುತ್ತಿರುವುದು ಕಣೋ. ವಯಸ್ಸಾಗಿದೆ, ಕಣ್ಣು ಅಷ್ಟು ಕಾಣುವುದಿಲ್ಲ. ಆಮಂತ್ರಣ ಕೊಡಲು ಹೋದಾಗ ಅವರು ಮೊದಲು ಕೇಳಿದ್ದು ಫಸ್ಟ್ ಕ್ಲಾಸಿನವರನ್ನಲ್ಲ. "ಬ್ರಹ್ಮಗಿರೀಲಿ ಪ್ರಶ್ನೆ ಕೇಳಿದ ಹುಡುಗ ಎಲ್ಲಿದಾನಪ್ಪಾ?" ಅಂದರು. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ ಸರ್, ಸುತ್ತಲಿನ ಹತ್ತು ಹಳ್ಳಿಯ ಬೋರಿನ ಮೋಟಾರು ಇವನ ಕೈಗೇ ಬರುತ್ತವೆ ಅಂದೆ. ಅವರ ಮುಖ ಅರಳಿತು.

ಮೇಷ್ಟ್ರು ಅಂದರೆ ನಮ್ಮ ತಾಲ್ಲೂಕಿಗೆ ಸಣ್ಣ ಮಾತಲ್ಲ. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ತಮ್ಮ ಮೇಷ್ಟ್ರಿಗೆ, ನಮ್ಮ ತಳುಕಿನ ವೆಂಕಣ್ಣಯ್ಯನವರಿಗೆ. ಕನ್ನಡ ಮೇಷ್ಟ್ರು ವರ್ಷಕ್ಕೊಮ್ಮೆಯಾದರೂ ಇದನ್ನು ಹೇಳದೆ ಬಿಡುತ್ತಿರಲಿಲ್ಲ.

ಸ್ಕೂಲಿನ ಸುದ್ದಿ ಇನ್ನೂ ಇದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಆಗಿದೆಯಲ್ಲ, ಅಲ್ಲಿ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ನಮ್ಮ ಸ್ಕೂಲಿನ ಮಿಸ್ಸು ಹೋಗಿ ಬಂದಿದ್ದಾರೆ. ನಮ್ಮ ಕಾಲದಲ್ಲಿ ಪ್ರಯೋಗದ ಸಾಮಾನು ಬೀಗ ಹಾಕಿದ ಕಪಾಟಿನೊಳಗೆ ಇರುತ್ತಿತ್ತು, ಗಾಜಿನಿಂದ ನೋಡಬೇಕಿತ್ತು. ಈಗ ಎಲ್ಲ ಮೇಜಿನ ಮೇಲಿದೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ವಿದ್ಯುತ್ತಿನ ಪಾಠ ಇದೆ. ನಿಜವಾದ ಮೋಟಾರು ಬಿಚ್ಚಿ ಮಕ್ಕಳಿಗೆ ತೋರಿಸುವವರು ಯಾರಾದರೂ ಇದ್ದಾರಾ ಅಂತ ಆ ಮಿಸ್ಸು ಕೇಳಿದರು. ನಿನ್ನನ್ನು ಕೇಳದೆ ನಿನ್ನ ಹೆಸರು ಹೇಳಿಬಿಟ್ಟಿದ್ದೇನೆ. ಯಾವ ಗೇಜಿನ ತಂತಿ, ಎಷ್ಟು ಸುತ್ತು, ಕಾಯಿಲ್ ಸುಟ್ಟದ್ದು ಯಾಕೆ, ಇದನ್ನೆಲ್ಲ ನಿನ್ನಷ್ಟು ಸಲೀಸಾಗಿ ಹೇಳುವವರನ್ನು ನಾನು ಕಂಡಿಲ್ಲ.

ನಾನು ಫಲಿತಾಂಶದ ಪುಸ್ತಕ ವಾಪಸ್ ಕೊಟ್ಟೆ. ಹೆಸರುಪಟ್ಟಿಯನ್ನು ದಾಖಲಾತಿ ರಿಜಿಸ್ಟರಿನಿಂದಲೇ ಬರೆದುಕೊಂಡೆ, 1993ರ ಜೂನಿನಲ್ಲಿ ಎಂಟನೇ ಕ್ಲಾಸಿಗೆ ಸೇರಿದ ಎಲ್ಲರದ್ದೂ. ಒಂಬತ್ತಕ್ಕೇ ಮದುವೆ ಆಗಿ ಹೋದ ಹುಡುಗಿಯರಿದ್ದಾರೆ. ಕುರಿ ಹಿಂದೆ ಹೋದವರಿದ್ದಾರೆ. ಗಣಿತದಲ್ಲಿ ಎರಡು ಮಾರ್ಕಿಗೆ ಹೋಗಿ ಮತ್ತೆ ಕಟ್ಟದವರಿದ್ದಾರೆ. ಗ್ರೂಪಿನಲ್ಲಿ ಒಬ್ಬಿಬ್ಬರು, ಇಷ್ಟು ಜನರನ್ನು ಎಲ್ಲಿ ಹುಡುಕೋದು ಅಂದರು. ಹುಡುಕೋಣ ಅಂದೆ. ಈಗಾಗಲೇ ಹನ್ನೊಂದು ಜನ ಸಿಕ್ಕಿದ್ದಾರೆ. ಅದರಲ್ಲಿ ಒಬ್ಬಳು ಫೋನಿನಲ್ಲಿ, "ನನ್ನನ್ನೂ ಕರೀತಿದೀರಾ?" ಅಂತ ಮೂರು ಸಲ ಕೇಳಿದಳು.

ಖೋ ಖೋ ಅಂಕಣದ ಹೊಂಗೆ ಸಾಲು ಈಗ ಸ್ಕೂಲಿನ ಮಾಡಿಗಿಂತ ಎತ್ತರ ಇದೆ. ಶಾಮಿಯಾನ ಬೇಡ, ಆ ನೆರಳಿನಲ್ಲೇ ಕಾರ್ಯಕ್ರಮ ಮಾಡೋಣ ಅಂತ ತೀರ್ಮಾನವಾಗಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನಿಮ್ಮೂರಿಗೆ ಬರುತ್ತೇನೆ. ಗಾಡಿ ತೆಗೆಯಬೇಡ. ಅಲ್ಲಿಂದ ನಡೆದೇ ಹೋಗೋಣ. ಬುತ್ತಿ ನಾನು ತರುತ್ತೇನೆ, ಇಬ್ಬರಿಗೂ.

ನಿನ್ನ ಬೆಂಚಿನ ಗೆಳೆಯ